ಮಾತು ಬಿಟ್ಟ ಆಪಾ

ಆಪಾ ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗುತ್ತಿತ್ತು. ಎಷ್ಟೆಂದರೆ ಉಗುರು ಹೆಚ್ಚುಕಡಿಮೆ ಮಣಿಕಟ್ಟಿನ ಕಡೆ ತಿರುಗುತ್ತಿತ್ತು. ಇಪ್ಪತ್ತು ವರ್ಷ ಜನರ ಮೊಣಕಾಲು, ಸೊಂಟ, ಹೆಗಲು ಒತ್ತಿ ಒತ್ತಿ ಹಾಗಾಗಿತ್ತು. ಉಗುರಿನ ಮೇಲೆ ಸದಾ ಅರ್ಧ ಮಾಸಿದ ಮೆಹಂದಿ. ಆ ಹೆಬ್ಬೆರಳನ್ನು ಮೊಣಕಾಲ ಚಿಪ್ಪಿನ ಪಕ್ಕದಲ್ಲಿಟ್ಟು ಒತ್ತಿದರೆ ಅಕ್ಕಿಗಿರಣಿಯ ಹಮಾಲರು ಕೂಡ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಮೊದಲ ದಿನ ನಾನು ಹಿಡಿದುಕೊಂಡದ್ದು ಅಪ್ಪನ ಅಂಗಿಯನ್ನು. ಎರಡು ಗುಂಡಿ ಕಿತ್ತು ಕೈಗೆ ಬಂದವು.

ಸಿಂಧನೂರಿನ ಬಸ್ ಸ್ಟ್ಯಾಂಡಿನಿಂದ ತುಸು ದೂರದಲ್ಲಿ, ಬೀಜ-ಗೊಬ್ಬರದ ಅಂಗಡಿಗಳ ಸಾಲಿನಲ್ಲಿ ಅವರ ಫಿಸಿಯೋಥೆರಪಿ ಕೋಣೆ ಇತ್ತು. ಎರಡು ಮಂಚ, ಗೋಡೆಗೆ ಕಟ್ಟಿದ ರಬ್ಬರ್ ಪಟ್ಟಿಗಳು, ಚಕ್ರವಿದ್ದೂ ಎಲ್ಲಿಗೂ ಹೋಗದ ಒಂದು ಸೈಕಲ್ಲು, ನೆಲಕ್ಕೆ ಫರ್ಸಿ ಕಲ್ಲು. ಡಾಕ್ಟರರ ಕೊರಳಲ್ಲಿ ಸ್ಟೆತಸ್ಕೋಪ್ ಇರುವಂತೆ ಆಪಾ ಕೊರಳಲ್ಲಿ ಟೇಲರುಗಳ ಅಳತೆ ಟೇಪು. ತೊಡೆಯ ಸುತ್ತಳತೆ, ಮೊಣಕಾಲಿನ ಬಾವು, ಹೆಜ್ಜೆಯ ಉದ್ದ, ಎಲ್ಲಕ್ಕೂ ಅದೇ. ಮೇಡಂ ಎಂದು ಕರೆದರೆ ಆಗುತ್ತಿರಲಿಲ್ಲ. "ಮೇಡಂ ಸಾಲ್ಯಾಗ ಇರ್ತಾರ. ಆಪಾ ಅನ್ನು, ಅಕ್ಕ ಅಂದಂಗ" ಎನ್ನುತ್ತಿದ್ದರು. ಹಾಗಾಗಿ ಅಜ್ಜಂದಿರಿಂದ ಹಿಡಿದು ಎಲ್ಲರಿಗೂ ಅವರು ಆಪಾ. ಅಪ್ಪ ಒಬ್ಬನೇ ಕೊನೆಯವರೆಗೂ ಡಾಕ್ಟರಮ್ಮಾರ ಎಂದೇ ಕರೆದ.

ನಾನು ಮಸ್ಕಿಯವಳು. ಅಪ್ಪ ಮಸ್ಕಿಗೂ ಸಂತೆಕಲ್ಲೂರಿಗೂ ನಡುವೆ ಟಂಟಂ ಆಟೋ ಓಡಿಸುತ್ತಾನೆ. ನಾನು ಕಬಡ್ಡಿ ಆಡುತ್ತೇನೆ, ರೇಡ್ ಮಾಡುವುದು ನನ್ನ ಕೆಲಸ. ಲಿಂಗಸುಗೂರಿನಲ್ಲಿ ಹುಡುಗಿಯರ ತಂಡ ಕಟ್ಟಿದ್ದ ಒಬ್ಬರು ಸರ್ ಹದಿನೇಳನೇ ವಯಸ್ಸಿಗೆ ನನ್ನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಮರ್ಯಾದೆಗಲ್ಲ. ನಾನು ಬರೆದ ಹಾಳೆಯಲ್ಲಿ ಆ ಹೆಸರು ಇರುವುದು ನನಗೆ ಬೇಕಿಲ್ಲ, ಅಷ್ಟೇ.

ನನ್ನ ಮೊಣಕಾಲು ಹೋದದ್ದು ಲಿಂಗಸುಗೂರಿನ ಒಂದು ಫೈನಲ್ ಪಂದ್ಯದಲ್ಲಿ. ರೇಡ್ ಮುಗಿಸಿ ಮಧ್ಯಗೆರೆಗೆ ತಿರುಗಿದೆ. ಯಾರೂ ಮುಟ್ಟಿರಲಿಲ್ಲ. ಬಲಗಾಲು ನೆಲದಲ್ಲೇ ನಿಂತಿತು, ನಾನೊಬ್ಬಳೇ ತಿರುಗಿದೆ. ಒಳಗೆ ಟಕ್ ಎಂದಿತು. ಸರ್ ಓಡಿ ಬಂದರು, ತಣ್ಣನೆಯ ಸ್ಪ್ರೇ ಹೊಡೆದರು, ಕ್ರೇಪ್ ಬ್ಯಾಂಡೇಜು ಬಿಗಿದರು. "ಏನೂ ಆಗಿಲ್ಲ, ಏಳು. ಇನ್ನ ಎಂಟು ನಿಮಿಷ ಅದಾವ" ಎಂದರು. ನಾನೂ ಎದ್ದೆ. ಹದಿನೇಳು ವರ್ಷದವಳಿಗೆ ಸರ್ ಹೇಳಿದ್ದೇ ವೇದ. ಎರಡನೇ ರೇಡಿನಲ್ಲಿ ಮೊಣಕಾಲು ಜಾರಿ ಪಕ್ಕಕ್ಕೆ ಹೋಗಿ ಮತ್ತೆ ಜಾಗಕ್ಕೆ ಬಂತು. ಆಮೇಲೆ ನಾನು ಏಳಲಿಲ್ಲ. ನಾವು ಗೆದ್ದೆವಂತೆ. ಫೋಟೋದಲ್ಲಿ ನಾನಿಲ್ಲ.

ನಮ್ಮ ಕಡೆ ಕಾಲು ಉಳುಕಿದರೆ ಮೊದಲು ನೆನಪಾಗುವುದು ತೀಡುವವರು. ಮುದಗಲ್ ಕಡೆ ಒಬ್ಬರ ಹತ್ತಿರ ಒಂದು ತಿಂಗಳು ಎಣ್ಣೆ ಹಚ್ಚಿಸಿಕೊಂಡು, ಎಳೆಸಿಕೊಂಡು, ಮೊಟ್ಟೆಯ ಪಟ್ಟು ಕಟ್ಟಿಸಿಕೊಂಡು ಕೂತೆ. ಅವರನ್ನು ಬೈಯುವುದಿಲ್ಲ. ಅವರಿಗೆ ಎಲುಬು ಗೊತ್ತು, ಒಳಗಿನ ಲಿಗಮೆಂಟ್ ಹರಿದದ್ದು ಕೈಗೆ ಸಿಗುವುದಿಲ್ಲ. ಆದರೆ ಆ ಒಂದು ತಿಂಗಳಲ್ಲಿ ಸರ್ ಒಮ್ಮೆ ನಮ್ಮ ಮನೆಗೆ ಬಂದಿದ್ದರು. ಕಾಲನ್ನು ದೂರದಿಂದಲೇ ನೋಡಿದರು. ನನ್ನೆದುರಿಗೇ ಅಪ್ಪನಿಗೆ, "ಈಕಿ ಕಾಲು ಮುಗೀತು ಯಜಮಾನ್ರ. ಸುಮ್ನ ಒಂದು ಮದುವಿ ಮಾಡಿಬಿಡ್ರಿ" ಎಂದರು. ಅವ್ವ ಕೊಟ್ಟ ಅವಲಕ್ಕಿಯನ್ನು ಪೂರ್ತಿ ತಿಂದು ಹೋದರು. ಇವತ್ತಿಗೂ ಆ ತಟ್ಟೆಯಲ್ಲಿ ನಾನು ಉಣ್ಣುವುದಿಲ್ಲ.

ದೊಡ್ಡೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ನಿಶ್ಚಯವಾದಾಗ, ಅಲ್ಲಿನ ಡಾಕ್ಟರು ಮೊದಲು ಬಾವು ಇಳಿಸಿಕೊಂಡು ಬಾ ಎಂದು ಆಪಾ ಹತ್ತಿರ ಕಳಿಸಿದರು. ಗುಂಡಿ ಕಿತ್ತು ಬಂದದ್ದು ಆವಾಗಲೇ. ಬಾವು ಇಳಿದ ಮೇಲೆ ಆಪಾ ಒಂದು ವಿಚಿತ್ರ ಕೆಲಸ ಮಾಡಿಸಿದರು. ಒಳ್ಳೆಯ ಕಾಲಿನ, ಅಂದರೆ ಎಡಗಾಲಿನ ಮೇಲೆ ನಿಲ್ಲಿಸಿ, "ಒಂದ ಕಾಲಾಗ ಮುಂದಕ್ಕ ಜಿಗಿ. ಎಷ್ಟು ಜೀವ ಅದ ಅಷ್ಟೂ ಹಾಕು" ಎಂದರು. ಜಿಗಿದೆ. ಅವರು ಫರ್ಸಿ ಕಲ್ಲಿನ ಮೇಲೆ ಕೂತು ಅಳೆದರು. ಟೇಪು ಮುಗಿದು, ಮೇಲೆ ಎರಡು ಬೆರಳು ಉಳಿಯಿತು. ಕೆಟ್ಟಿರುವುದು ಬಲಗಾಲಲ್ಲವೇ, ಎಡಗಾಲು ಯಾಕೆ ಅಳೆಯುತ್ತೀರಿ ಎಂದು ಕೇಳಿದೆ. "ನಾಳೆ ಈ ಬಲಗಾಲಿಗೆ ಸಾಕ್ಷಿ ಹೇಳಾಕ ಒಬ್ರು ಬೇಕಲ್ಲ" ಎಂದರು. ನನಗೆ ಅರ್ಥವಾಗಲಿಲ್ಲ, ತಲೆಯಾಡಿಸಿದೆ.

ಆಪಾಗೆ ಸಿಟ್ಟು ಇತ್ತು ಎಂದರೆ ಸಾಲದು. ಸಿಟ್ಟು ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆಪಾ ಸಿಟ್ಟು ಹೋಗುತ್ತಿರಲಿಲ್ಲ. ಅವರು ಬಾಯಿ ಮಾಡುತ್ತಿರಲಿಲ್ಲ, ಮಾತು ಬಿಡುತ್ತಿದ್ದರು. ಎದುರಿಗಿನ ಜ್ಯೂಸ್ ಅಂಗಡಿಯವನು ಎಂದೋ ಕಬ್ಬಿನ ಸಿಪ್ಪೆಯನ್ನು ಇವರ ಬಾಗಿಲಿಗೆ ಗುಡಿಸಿದ್ದನಂತೆ. ಹದಿನಾಲ್ಕು ಬೇಸಿಗೆ ಅವರು ಅಲ್ಲಿ ಒಂದು ಗ್ಲಾಸು ರಸ ಕುಡಿದಿರಲಿಲ್ಲ. ಬಾಯಾರಿದರೆ ಬಸ್ ಸ್ಟ್ಯಾಂಡಿನ ತನಕ ನಡೆದು ಹೋಗುತ್ತಿದ್ದರು. ಮೈದುನನ ಮಗಳ ಮದುವೆಗೆ ಜವಳಗೇರಾಕ್ಕೆ ಹೋಗಿ, ಸೀರೆ ಕೊಟ್ಟು, ಹುಡುಗಿಯ ತಲೆ ಸವರಿ, ಒಂದು ಅಗುಳು ಬಿರಿಯಾನಿ ಮುಟ್ಟದೆ ವಾಪಸು ಬಂದಿದ್ದರು. ಕಾರಣ ಕೇಳಿದರೆ, "ಅವಂಗ ಗೊತ್ತದ" ಎನ್ನುತ್ತಿದ್ದರು.

ಈ ವಿದ್ಯೆಯಲ್ಲಿ ಅವರ ಪರಿಣತಿ ಗೊತ್ತಾಗಬೇಕಾದರೆ ಮಳಿಗೆಯ ಮಾಲೀಕರ ಸಂಗತಿ ಹೇಳಬೇಕು. ಆಪಾ ಹೊಸದಾಗಿ ಕೆಲಸ ಶುರುಮಾಡುವಾಗ ಒಬ್ಬರ ಮಳಿಗೆ ಬಾಡಿಗೆಗೆ ಕೇಳಿದ್ದರಂತೆ. ಆ ಮನುಷ್ಯ ನಾಲ್ಕು ಜನರ ಮುಂದೆ, ಹೆಂಗಸು ಗಂಡಸರ ತೊಡೆ ಮುಟ್ಟುವ ಧಂದೆಗೆ ನಮ್ಮ ಜಾಗ ಕೊಡುವುದಿಲ್ಲ ಎಂದನಂತೆ. ಇಪ್ಪತ್ತು ವರ್ಷದ ನಂತರ ಅವನ ಮೊಣಕಾಲು ಸವೆದು, ಹೊಸ ಕೀಲು ಹಾಕಿಸಿಕೊಂಡು, ಹೆಂಡತಿಯ ಹೆಗಲು ಹಿಡಿದು ಆಪಾ ಬಾಗಿಲಿಗೇ ಬಂದ. ನಾನು ಆ ವಾರಗಳಲ್ಲಿ ಪಕ್ಕದ ಮಂಚದಲ್ಲಿದ್ದೆ, ಕಣ್ಣಾರೆ ನೋಡಿದ್ದೇನೆ. ಆಪಾ ಅವನಿಗೆ ಒಂದು ದಿನವೂ ಕಡಿಮೆ ಮಾಡಲಿಲ್ಲ. ಆದರೆ ಒಂದು ಮಾತನ್ನೂ ಅವನೊಂದಿಗೆ ಆಡಲಿಲ್ಲ.

"ಇವ್ರಿಗೆ ಹೇಳ್ರಿ, ಕಾಲು ಮ್ಯಾಲ ಎತ್ತಂತ" ಎಂದು ಹೆಂಡತಿಗೆ ಹೇಳುತ್ತಿದ್ದರು.

"ಎತ್ತೀನ್ರೀ" ಎಂದು ಅವನು ಮಂಚದ ಮೇಲಿಂದ ಹೇಳಿದರೆ, ಆಪಾ ಮತ್ತೆ ಹೆಂಡತಿಯನ್ನೇ ನೋಡಿ, "ಏನೋ ಅಂದಂಗಾತು. ಏನಂದ್ರು?" ಎಂದು ಕೇಳುತ್ತಿದ್ದರು. ಏಳು ವಾರ ಹೀಗೇ ನಡೆಯಿತು. ಆಮೇಲೆ ಅವನು ಕೋಲಿಲ್ಲದೆ ನಡೆದುಕೊಂಡು ಹೋದ.

ನಾನು, "ಅಲ್ರೀ ಆಪಾ, ವಾಪಸ್ ಕಳಿಸಬೇಕಿತ್ತು. ಸೇಡು ತೀರ್ತಿತ್ತು" ಎಂದೆ.

"ಹುಚ್ಚಿ. ಕಳಿಸಿದ್ರ ಬ್ಯಾರೆ ಕಡೆ ಹೋಗ್ತಿದ್ದ. ಈಗ ನೋಡು, ದಿನಾ ಮುಂಜಾನಿ ನನ್ನ ಬಾಗಿಲ ಮುಂದ ನಾ ಮಾಡಿಕೊಟ್ಟ ಕಾಲಿಲೆ ವಾಕಿಂಗ್ ಹೊಕ್ಕಾನ. ತಲಿ ಎತ್ತಿ ನೋಡಾಕ ಆಗಂಗಿಲ್ಲ ಅವಂಗ. ಸಾಯೋತನ ನಡೀಲಿ" ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಎಂಥ ಸುಖವಿತ್ತೆಂದರೆ ನನಗೂ ಹೊಟ್ಟೆ ತುಂಬಿದಂತಾಯಿತು.

ನನ್ನ ಸೇಡಿನ ಸಂಗತಿ ಅವರಿಗೆ ತಿಳಿದದ್ದು ಆಪರೇಷನ್ ಆದ ಎರಡನೇ ವಾರ. ತೊಡೆಯ ಹಿಂದಿನಿಂದ ಒಂದು ಸ್ನಾಯುರಜ್ಜು ತೆಗೆದು ಮೊಣಕಾಲೊಳಗೆ ಹೊಸ ಲಿಗಮೆಂಟ್ ಕಟ್ಟಿದ್ದರು. ಕಾಲು ನನ್ನದೇ, ಆದರೆ ನನ್ನ ಮಾತು ಕೇಳುತ್ತಿರಲಿಲ್ಲ. ಆಪಾ ಮೊಣಕಾಲ ಕೆಳಗೆ ಟವೆಲ್ ಸುತ್ತಿ ಇಟ್ಟು, ಕೆಳಕ್ಕೆ ಒತ್ತು ಎನ್ನುತ್ತಿದ್ದರು. ನಾನು ಹಲ್ಲು ಕಚ್ಚುತ್ತಿದ್ದೆ, ಹುಬ್ಬು ಗಂಟಿಕ್ಕುತ್ತಿದ್ದೆ, ತೊಡೆಯ ಸ್ನಾಯು ಮಾತ್ರ ಸತ್ತ ಮೀನು. ಎಂಟು ದಿನ ಹೀಗಾದ ಮೇಲೆ ಅಳತೊಡಗಿದೆ. ಅಳುತ್ತ ಅಳುತ್ತ ಸ್ಪ್ರೇ, ಬ್ಯಾಂಡೇಜು, ಅವಲಕ್ಕಿ, ಮದುವೆ ಎಲ್ಲವನ್ನೂ ಹೇಳಿದೆ. ಆಪಾ ಸಮಾಧಾನ ಮಾಡಲಿಲ್ಲ. ಮೂಗು ಒರೆಸಿಕೋ ಎಂದು ಹತ್ತಿ ಕೊಟ್ಟರು.

"ಆ ಸರ್ ಮುಖ ಈ ಟವೆಲ್ ಕೆಳಗ ಅದ ಅಂತ ತಿಳ್ಕೊ. ಒತ್ತು."

ಒತ್ತಿದೆ. ಚಿಪ್ಪಿನ ಮೇಲೆ ಸ್ನಾಯು ಒಮ್ಮೆ ನಡುಗಿ, ಎದ್ದು ನಿಂತಿತು. ಆಪಾ ಹೆಬ್ಬೆರಳು ಅಲ್ಲೇ ಇತ್ತು. "ಹಾಂ! ಬಂತು ನೋಡು. ಸಿಟ್ಟು ಬಾಯಾಗ ಇಟ್ಕೋಬ್ಯಾಡ, ಕಾಲಿಗೆ ಇಳಿಸು" ಎಂದರು. ಅಲ್ಲಿಂದ ಮುಂದೆ ನನ್ನ ಪ್ರತಿ ವ್ಯಾಯಾಮದ ಕೆಳಗೂ ಆ ಮುಖವಿತ್ತು. ದಿನಕ್ಕೆ ಮುನ್ನೂರು ಸಲ ಒತ್ತುತ್ತಿದ್ದೆ. ದೇವರ ನಾಮವನ್ನು ನಾನು ಅಷ್ಟು ಸಲ ಹೇಳಿದವಳಲ್ಲ.

ನಾಲ್ಕು ತಿಂಗಳಾದಾಗ ನೋವು ಪೂರ್ತಿ ಹೋಯಿತು. ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ, ಮೆಲ್ಲಗೆ ಓಡುತ್ತಿದ್ದೆ. ಇನ್ನು ಆಡಬಹುದಲ್ಲ ಎಂದರೆ ಆಪಾ ಕಿಟಕಿಯಾಚೆ ಕೈ ತೋರಿಸಿದರು. ಸಸಿಯ ಕಟ್ಟುಗಳನ್ನು ತುಂಬಿಕೊಂಡ ಟ್ರ್ಯಾಕ್ಟರೊಂದು ಜವಳಗೇರಾ ಕಡೆ ಹೋಗುತ್ತಿತ್ತು. "ಭತ್ತ ನಾಟಿ ಮಾಡಿದ ಮ್ಯಾಲ ಸಸಿ ಹಸರ ಇರ್ತದೇನು? ಮೊದಲ ಹಳದಿ ಆಗ್ತದ. ಬೇರು ಹಿಡದಿರಂಗಿಲ್ಲ, ನಿಂತಿರ್ತದ ಅಷ್ಟ. ಆವಾಗ ಹೋಗಿ ಎಳದ್ರ ಕೈಗೆ ಬರ್ತದ. ನಿನ್ನ ಕಾಲೊಳಗಿಂದು ಈಗ ಹಂಗ ಅದ. ನೋವು ಹೋತಂದ್ರ ಗಟ್ಟಿ ಆತು ಅಂತಲ್ಲ. ಒಂಬತ್ತು ತಿಂಗಳಿನ ಒಳಗ ಆಟದ ಮಾತು ನಕ್ಕೋ, ಬ್ಯಾಡಂದ್ರ ಬ್ಯಾಡ" ಎಂದರು. ಹೂಂ ಎಂದೆ. ಮನಸ್ಸಿನಲ್ಲಿ ಹೂಂ ಅನ್ನಲಿಲ್ಲ.

ಏಳನೇ ತಿಂಗಳು, ಗಣೇಶನ ಹಬ್ಬದ ಹೊತ್ತಿಗೆ, ಮಸ್ಕಿಯಲ್ಲಿ ಹುಡುಗಿಯರ ಪಂದ್ಯಾವಳಿ ಎಂದು ಗೊತ್ತಾಯಿತು. ಸರ್ ತಂಡ ಬರುತ್ತದೆ. ನಮ್ಮೂರಿನ ಹುಡುಗಿಯರು ಹೊಸದಾಗಿ ತಂಡ ಕಟ್ಟಿದ್ದರು, ನೀನು ರೇಡಿಗೆ ಬಾ ಎಂದರು. ನನ್ನೂರಿನಲ್ಲಿ, ನನ್ನ ಜನರ ಎದುರಿಗೆ, ಆ ಮನುಷ್ಯನ ತಂಡವನ್ನು ಕೆಡವುವ ಅವಕಾಶ. ಮೂರು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಮಾತ್ರ ಒಂದೇ ಮಾತು ಹೇಳಿದ: "ಡಾಕ್ಟರಮ್ಮಾರು ಆಡು ಅಂದ್ರ ಆಡು. ಇಲ್ಲಂದ್ರ ಇಲ್ಲ."

ಒಂಬತ್ತು ತಿಂಗಳು ಎಂದಿದ್ದ ಆಪಾ, ನಾನು ಕಾಡಿ ಬೇಡಿದ ಮೇಲೆ, ಜಿಗಿತದ ಪರೀಕ್ಷೆ ಪಾಸಾದರೆ ನೋಡೋಣ ಎಂದಿದ್ದರು. ಎರಡೂ ಕಾಲಿನಲ್ಲಿ ಒಂದೊಂದಾಗಿ ಜಿಗಿಸುತ್ತಾರೆ. ಎಡಗಾಲು ಹತ್ತು ಗೇಣು ಹೋದರೆ ಬಲಗಾಲು ಒಂಬತ್ತು ಗೇಣಾದರೂ ಹೋಗಬೇಕು. ನಾನು ಮನೆಯ ಹಿಂದೆ ಅಳೆದು ನೋಡಿಕೊಂಡಿದ್ದೆ. ಆ ಲೆಕ್ಕದಲ್ಲಿ ಬಲಗಾಲು ಏಳು ಗೇಣಿನ ಆಚೆ ಹೋಗುತ್ತಿರಲಿಲ್ಲ. ಎರಡು ದಿನ ಪ್ರಯತ್ನಿಸಿದೆ, ಮೂರನೇ ದಿನ ಬುದ್ಧಿ ಓಡಿತು. ಬಲಗಾಲು ಮುಂದೆ ಹೋಗದಿದ್ದರೇನಂತೆ, ಎಡಗಾಲು ಹಿಂದೆ ಉಳಿಯಬಹುದಲ್ಲ! ಒಳ್ಳೆಯ ಕಾಲನ್ನು ಕುಂಟಿಸುವುದು ಸುಲಭವಲ್ಲ. ಪೂರ್ತಿ ಜೋರು ಮಾಡಿದಂತೆ ಕೈ ಬೀಸಬೇಕು, ಮುಖ ಕಿವುಚಬೇಕು, ಆದರೆ ಪಾದ ಮೊದಲೇ ಇಳಿಯಬೇಕು. ಒಂದು ವಾರ ನಾನು ಎಡಗಾಲಿಗೆ ಸುಳ್ಳು ಹೇಳುವುದನ್ನು ಕಲಿಸಿದೆ.

ಪರೀಕ್ಷೆಯ ದಿನ ಅಪ್ಪನೂ ಜೊತೆಗಿದ್ದ. ಎಡಗಾಲಿನಲ್ಲಿ ಜಿಗಿದೆ, ನಲವತ್ತೆಂಟು ಇಂಚು. ಬಲಗಾಲಿನಲ್ಲಿ ಜಿಗಿದೆ, ನಲವತ್ತೈದು. ಆಪಾ ಇನ್ನೊಮ್ಮೆ ಎಂದರು. ಹೆಚ್ಚುಕಡಿಮೆ ಅಷ್ಟೇ ಬಂತು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ಅವರು ನೆಲದ ಮೇಲೆ ಕೂತೇ ಟೇಪನ್ನು ಬೆರಳಿಗೆ ಸುತ್ತತೊಡಗಿದರು, ಸುತ್ತಿದರು, ಬಿಚ್ಚಿದರು.

"ನನ್ನ ಹತ್ರ ರಿಪೇರಿಗೆ ತಂದಿದ್ದು ಬಲಗಾಲು" ಎಂದರು. "ಎಡಗಾಲು ಹೆಂಗ ಕೆಟ್ಟಿತು? ಆಪರೇಷನ್ನಿಗಿಂತ ಮೊದಲ ಟೇಪು ಮುಗದು ಎರಡು ಬೆರಳು ಬಂದಿತ್ತಲ್ಲ."

ಬೈಗುಳ ಮರೆಯದವರು ಅಳತೆಯನ್ನು ಮರೆಯುತ್ತಾರೆಯೇ? ನಾನು ನೆಲ ನೋಡಿದೆ. ಈಗ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಆಪಾ ಎದ್ದು, ಮಂಡಿ ಝಾಡಿಸಿಕೊಂಡು, ನನ್ನನ್ನು ದಾಟಿ ಅಪ್ಪನ ಕಡೆ ತಿರುಗಿದರು.

"ಅಣ್ಣಾರ, ಆಕಿಗೆ ಹೇಳ್ರಿ, ಸೋಮವಾರ ಬರಬೇಕಂತ. ರಬ್ಬರ್ ಪಟ್ಟಿ ಎರಡಿದ್ದದ್ದು ಮೂರು ಆಗ್ತಾವಂತ."

ಅಪ್ಪ ನನ್ನನ್ನು ನೋಡಿದ, ಅವರನ್ನು ನೋಡಿದ. ನಾನು ಅವರಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. "ಕೇಳಸ್ತಲ್ಲವಾ?" ಎಂದ ಪಾಪ. ಆವಾಗ ನನಗೆ ಹೊಳೆಯಿತು. ಮಳಿಗೆಯ ಮಾಲೀಕ ಮಲಗಿದ್ದ ಮಂಚಕ್ಕೆ ನಾನು ಬಂದಿದ್ದೆ.

ಮಸ್ಕಿಯ ಪಂದ್ಯ ನಾನಿಲ್ಲದೆ ನಡೆಯಿತು. ನೋಡಲು ಹೋಗಬಾರದೆಂದುಕೊಂಡು ಹೋದೆ. ಸರ್ ದೂರದಿಂದಲೇ ಗುರುತಿಸಿ, ತಮ್ಮ ಹುಡುಗಿಯರು ಕೇಳುವಂತೆ, "ಏನವಾ, ಗಂಡು ಗೊತ್ತಾತೇನು?" ಎಂದರು. ಹುಡುಗಿಯರು ನಕ್ಕರು. ನಗದಿದ್ದರೆ ಅವರಿಗೂ ಉಳಿಗಾಲವಿರಲಿಲ್ಲ, ನನಗೆ ಗೊತ್ತಿತ್ತು. ಆದರೂ ನಕ್ಕ ಪ್ರತಿ ಬಾಯಿಯನ್ನೂ ನೆನಪಿಟ್ಟುಕೊಂಡೆ.

ಆಮೇಲಿನ ನಾಲ್ಕು ತಿಂಗಳು ನನ್ನ ಬದುಕಿನ ಅತ್ಯಂತ ಉದ್ದದ ಕಾಲ. ಆಪಾ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ. ಹೆಬ್ಬೆರಳು ಮೊದಲಿನಷ್ಟೇ ಒತ್ತುತ್ತಿತ್ತು, ಮೊದಲಿಗಿಂತ ಹೆಚ್ಚು ಕೆಲಸ ಕೊಡುತ್ತಿದ್ದರು. ಎಲ್ಲವೂ ಅಪ್ಪನ ಮೂಲಕ. ಪಾಪ ಅಪ್ಪ ಟಂಟಂ ನಿಲ್ಲಿಸಿ, ಸವಾರಿ ಬಿಟ್ಟು, ವಾರಕ್ಕೆರಡು ಸಲ ಮೂಲೆಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. "ಅಣ್ಣಾರ, ಆಕಿಗೆ ಹೇಳ್ರಿ, ಕುಂದ್ರುವಾಗ ಮೊಣಕಾಲು ಒಳಗ ಬೀಳಾಕತ್ತೈತಿ ಅಂತ." ಅಪ್ಪ ಹೇಳುತ್ತಿದ್ದ. "ಡಾಕ್ಟರಮ್ಮಾರ, ಆತಂತ್ರಿ" ಎಂದು ನನ್ನ ಉತ್ತರವನ್ನೂ ಅವನೇ ಒಪ್ಪಿಸುತ್ತಿದ್ದ. ಮೊದಮೊದಲು ಸಿಟ್ಟು ಬಂತು. ಸರ್ ಮುಖದ ಪಕ್ಕದಲ್ಲಿ ಟವೆಲ್ ಕೆಳಗೆ ಆಪಾ ಮುಖವನ್ನೂ ಇಟ್ಟೆ. ಬರಬರುತ್ತ ನಾಚಿಕೆ ಬಂತು. ಆಮೇಲೆ ಅದೂ ಹೋಗಿ, ಎಂದಾದರೂ ಒಮ್ಮೆ ಬಾಯಿ ತಪ್ಪಿಯಾದರೂ ನನ್ನೊಂದಿಗೆ ಮಾತಾಡಲಿ ಎಂದು ಕಾಯತೊಡಗಿದೆ.

ಹನ್ನೊಂದನೇ ತಿಂಗಳಲ್ಲಿ ಮತ್ತೆ ಜಿಗಿದೆ. ಎಡಗಾಲಿಗೆ ಟೇಪು ಮುಗಿದು ಮೇಲೆ ಎರಡು ಬೆರಳು. ಬಲಗಾಲಿಗೆ ಐವತ್ತೆಂಟು ಇಂಚು. ಎಡಕ್ಕೆ, ಬಲಕ್ಕೆ ತಿರುಗಿಸಿದರು, ಓಡಿಸಿ ಗಕ್ಕನೆ ನಿಲ್ಲಿಸಿದರು, ಮೇಲಿಂದ ಜಿಗಿಸಿ ಒಂಟಿಗಾಲಲ್ಲಿ ಇಳಿಸಿದರು. ಕೊನೆಗೆ, "ಅಣ್ಣಾರ, ಆಡಬಹುದಂತ ಹೇಳ್ರಿ ಆಕಿಗೆ" ಎಂದರು. ಅಪ್ಪ ಹೇಳಲು ಬಾಯಿ ತೆರೆದ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ನಾನು ಕೇಳಿಸಿಕೊಂಡಿದ್ದೆ.

ಭತ್ತದ ಕೊಯ್ಲು ಮುಗಿದು ಸಿಂಧನೂರಿನಲ್ಲಿ ಪಂದ್ಯಾವಳಿ ಇಟ್ಟಿದ್ದರು. ಸೆಮಿಫೈನಲ್‌ನಲ್ಲಿ ನಮ್ಮ ಮಸ್ಕಿ ತಂಡಕ್ಕೆ ಎದುರಾದದ್ದು ಸರ್ ತಂಡ. ಸಂಜೆ ನಾಲ್ಕು ಗಂಟೆ. ನಮ್ಮ ತಂಡದ ಬೆಂಚಿನ ತುದಿಯಲ್ಲಿ, ಅಪ್ಪನ ಪಕ್ಕದಲ್ಲಿ ಆಪಾ ಕೂತಿದ್ದರು. ಕೋಣೆಗೆ ಬೀಗ ಹಾಕಿ ನೇರ ಬಂದಿದ್ದರೆಂದು ಕಾಣುತ್ತದೆ, ಕೊರಳಲ್ಲಿ ಟೇಪು ಹಾಗೇ ಇತ್ತು. ಅವರು ಜೀವಮಾನದಲ್ಲಿ ಕಬಡ್ಡಿ ನೋಡಿದವರಲ್ಲ. ಅವರ ಪ್ರಕಾರ ಅದು ಕಾಲು ಹಿಡಿದು ಎಳೆಯುವ ಆಟ. ನಾನು ರೇಡಿಗೆ ಹೋದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ, ಅಪ್ಪ ಆಮೇಲೆ ಹೇಳಿದ.

ನಾನು ಅವತ್ತು ಆಡಿದಷ್ಟು ಚೆನ್ನಾಗಿ ಯಾವತ್ತೂ ಆಡಿಲ್ಲ. ಪ್ರತಿ ಪಾಯಿಂಟಿಗೂ ಸರ್ ಕಡೆ ನೋಡುತ್ತಿದ್ದೆ. ಅವರು ಮೊಬೈಲ್ ನೋಡಿದಂತೆ ಮಾಡುತ್ತಿದ್ದರು. ಕೊನೆಗೆ ಆರು ನಿಮಿಷ ಉಳಿದಾಗ ಎರಡೂ ಕಡೆ ಸಮ. ಆವಾಗ ಅವರ ಎಡ ಕಾರ್ನರಿನ ಹುಡುಗಿ, ಜವಳಗೇರಾದವಳು, ಹದಿನಾರೋ ಹದಿನೇಳೋ, ನಮ್ಮ ಇನ್ನೊಬ್ಬ ರೇಡರನ್ನು ಹಿಡಿಯಲು ಹೋಗಿ ಬಿದ್ದಳು. ಮೊಣಕಾಲು ಹಿಡಿದುಕೊಂಡಳು. ಸರ್ ಓಡಿ ಬಂದರು, ಸ್ಪ್ರೇ ಹೊಡೆದರು, ಬ್ಯಾಂಡೇಜು ಬಿಗಿದರು. ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಹುಡುಗಿ ಎದ್ದು ತನ್ನ ಜಾಗದಲ್ಲಿ ನಿಂತಳು.

ಮುಂದಿನ ರೇಡು ನನ್ನದು. ಇಲ್ಲಿ ನಾನು ಸುಳ್ಳು ಬರೆಯಬಹುದು, ಬರೆಯುವುದಿಲ್ಲ. ಆ ಕಾಲು ಯಾವ ಕಡೆ ತಿರುಗಿದರೆ ಜಾರುತ್ತದೆ ಎಂದು ಅಲ್ಲಿ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಮಸ್ಕಿಯಲ್ಲಿ ನಕ್ಕ ಬಾಯಿಗಳಲ್ಲಿ ಅವಳದೂ ಒಂದಿತ್ತು. ನಾನು ನೇರ ಅವಳ ಮೂಲೆಗೆ ಹೋದೆ. ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ತಿರುಗಿದೆ, ಅವಳೂ ನನ್ನೊಂದಿಗೆ ತಿರುಗಲಿ ಎಂದೇ. ಅವಳು ತಿರುಗಿದಳು, ಚೀರಿ ಅಲ್ಲೇ ಕೂತಳು. ನಾನು ಇನ್ನೇನು ಮುಟ್ಟಿ ಗೆರೆ ದಾಟಬೇಕು.

ಅಂಗಳದೊಳಗೆ ಆಪಾ ನಡೆದು ಬರುತ್ತಿದ್ದರು. ಚಪ್ಪಲಿ ಹಾಕಿಕೊಂಡೇ. ಅಂಪೈರು ಸೀಟಿ ಊದಿದ, ಜನ ಕೂಗಿದರು, ಅವರಿಗೆ ಯಾವುದೂ ಕೇಳಿಸಲಿಲ್ಲ. ಹುಡುಗಿಯ ಪಕ್ಕದಲ್ಲಿ ಮಣ್ಣಿಗೆ ಕೂತು, ಬ್ಯಾಂಡೇಜು ಬಿಚ್ಚಿ, ಚಿಪ್ಪಿನ ಪಕ್ಕ ಹೆಬ್ಬೆರಳಿಟ್ಟರು. ಸರ್ ಬಂದು, "ಯಾರ್ರೀ ನೀವು? ಹೊರಗ ನಡೀರಿ! ನಮ್ಮ ಹುಡುಗಿ ಇಕಿ!" ಎಂದು ಕೂಗಾಡಿದರು. ಆಪಾ ತಲೆ ಎತ್ತಿದರು. ಸರ್ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು.

"ಇವ್ರಿಗೆ ಹೇಳು, ಈ ಕಾಲಿಗೆ ಇನ್ನೊಮ್ಮಿ ಕೈ ಹಚ್ಚಿದ್ರ ನೆಟ್ಟಗಾಗಂಗಿಲ್ಲ ಅಂತ ಹೇಳು."

ನಾಲ್ಕು ತಿಂಗಳ ನಂತರ ನನಗೆ ಆಡಿದ ಮೊದಲ ಮಾತು. ಒಂದೇ ಅಂಗಳದಲ್ಲಿ, ಒಂದೇ ಮಾರಿನ ದೂರದಲ್ಲಿ ನಿಂತ ಮನುಷ್ಯನಿಗೆ ನಾನು ಅದನ್ನು ಒಪ್ಪಿಸಿದೆ. ಅಕ್ಷರಕ್ಕೆ ಅಕ್ಷರ, ಗಟ್ಟಿಯಾಗಿ. ಹಿಂದಿನ ಸಾಲಿನಿಂದ ಒಬ್ಬ ರೈತ ಕಟಾಂಜನ ಹಾರಿ ಬಂದು ಹುಡುಗಿಯನ್ನು ಎತ್ತಿಕೊಂಡ. ಅವಳ ಅಪ್ಪನಂತೆ. ಸರ್ ಅವನ ತೋಳು ಹಿಡಿಯಲು ಹೋದರು, ಆತ ಕೊಡವಿಕೊಂಡ. ಆಪಾ ಅವರಿಬ್ಬರ ಹಿಂದೆ ನಡೆದು ಹೋದರು.

ಹೊರಗಿನವರು ಅಂಗಳಕ್ಕೆ ಬಂದದ್ದಕ್ಕೆ, ಅವರು ನಮ್ಮ ಬೆಂಚಿನವರಾದ್ದರಿಂದ, ಅಂಪೈರು ಎದುರಾಳಿಗೆ ಒಂದು ಪಾಯಿಂಟು ಕೊಟ್ಟ. ನನ್ನ ರೇಡು ಲೆಕ್ಕಕ್ಕೆ ಬರಲಿಲ್ಲ. ಉಳಿದ ಆಟ ಸಮಸಮವಾಗಿ ನಡೆದು, ಆ ಒಂದೇ ಪಾಯಿಂಟಿನಿಂದ ನಾವು ಸೋತೆವು. ಹನ್ನೊಂದು ತಿಂಗಳು ನಾನು ಒತ್ತಿದ ಟವೆಲ್ಲುಗಳೆಲ್ಲ ಆ ಒಂದು ಪಾಯಿಂಟಿಗೆ ಹೋದವು. ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ಆಪಾ ಅವರನ್ನು ಬೈದೆ.

ಆದರೆ ಆ ಹುಡುಗಿ ಮತ್ತೆ ಸರ್ ತಂಡಕ್ಕೆ ಹೋಗಲಿಲ್ಲ. ಅವಳ ಹಿಂದೆ ಇನ್ನಿಬ್ಬರ ತಂದೆತಾಯಿ ಮಕ್ಕಳನ್ನು ಕರೆದುಕೊಂಡು ಬಂದರು. ಎರಡು ವರ್ಷದಲ್ಲಿ ಸರ್ ಹತ್ತಿರ ಏಳು ಜನ ನಿಲ್ಲುವುದೂ ಕಷ್ಟವಾಗಿ ತಂಡ ಮುಚ್ಚಿತು. ಅದಕ್ಕೂ ಮೊದಲು ಅವರದೇ ಊರಿನಲ್ಲಿ ನಾವು ಅವರನ್ನು ಹದಿನೆಂಟು ಪಾಯಿಂಟುಗಳಿಂದ ಸೋಲಿಸಿದೆವು. ಅದಕ್ಕೆ ಒಂದು ಸಾಲು ಸಾಕು. ಸುಖ ಮಾತ್ರ ಒಂದು ಸಾಲಿನಷ್ಟಿರಲಿಲ್ಲ, ವಾರಗಟ್ಟಲೆ ಇತ್ತು.

ಆಪಾ ಕಳೆದ ವರ್ಷ ತೀರಿಕೊಂಡರು. ಬೆಳಿಗ್ಗೆ ಎದೆ ನೋವು ಎಂದರಂತೆ, ಆ್ಯಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಅವರ ಮಗಳು ಫೋನ್ ಮಾಡಿದಾಗ ನಾನು ಆಡಲು ಬೇರೆ ಜಿಲ್ಲೆಗೆ ಹೋಗಿದ್ದೆ. ಬರುವುದರಲ್ಲಿ ಮಣ್ಣಾಗಿತ್ತು. ಅವರ ಕೋಣೆಯಲ್ಲಿ ಈಗ ಕೀಟನಾಶಕದ ಡಬ್ಬಿಗಳಿವೆ. ಇವತ್ತಿಗೂ ಬಲಗಾಲನ್ನೂರಿ ತಿರುಗುವಾಗ ಅದು ನನ್ನ ಜೊತೆಗೇ ತಿರುಗುತ್ತದೆ. ಅದು ಅವರು ಕೊಟ್ಟದ್ದು, ತೀರಿಸಲು ಆಗದ್ದು.

ನನಗೆ ಉಳಿದಿರುವುದು ಸಿಂಧನೂರಿನ ಪಂದ್ಯ ಮುಗಿದ ಮರುವಾರದ ಒಂದು ಮಧ್ಯಾಹ್ನ. ಕಾಲು ತೋರಿಸುವ ದಿನ. ಅಪ್ಪನಿಗೆ ಮದುವೆಯ ಸವಾರಿ ಸಿಕ್ಕಿತ್ತು, ಬಸ್ಸಿನಲ್ಲಿ ಒಬ್ಬಳೇ ಹೋದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಪಾ ನನ್ನ ಬೆನ್ನ ಹಿಂದೆ ಅಪ್ಪನನ್ನು ಹುಡುಕಿದರು, ಬಾಗಿಲಿಗೆ ಬಂದು ರಸ್ತೆಯ ಎರಡೂ ಕಡೆ ನೋಡಿದರು. ಆಮೇಲೆ ಮಂಚ ತೋರಿಸಿದರು, ಬೆರಳಿನಿಂದಲೇ ಎತ್ತು, ಇಳಿಸು, ತಿರುಗಿಸು ಎಂದು ಎಲ್ಲ ಮಾಡಿಸಿದರು. ಕಾಲು ಚೆನ್ನಾಗಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ, ಹೋಗಲಾರದೆ ನಿಂತೆ.

"ಆ ಹುಡುಗಿ ಕಡೆ ಯಾಕ ಹೋದಿ?" ಎಂದರು ಆಪಾ.

ಆ ಒಂದು ರೇಡಿನಲ್ಲಿ ಅವರು ಕಣ್ಣು ಮುಚ್ಚಿರಲಿಲ್ಲ. ನಿಜವನ್ನೇ ಹೇಳಿದೆ.

"ಸರ್‌ನ ನಾ ಮಾಫ್ ಮಾಡಿಲ್ರಿ ಆಪಾ. ಮಾಡಂಗೂ ಇಲ್ಲ."

"ಮಾಡಬ್ಯಾಡ. ಯಾರು ಮಾಡು ಅಂದ್ರು? ಸಾಯೋತನ ಮಾಡಬ್ಯಾಡ. ಆದ್ರ ಅದು ಆಕಿ ಕಾಲು, ಸರ್ ಕಾಲಲ್ಲ."

ಮೆಟ್ಟಿಕೊಂಡಿದ್ದ ಚಪ್ಪಲಿಯನ್ನು ಮತ್ತೆ ಬಿಟ್ಟೆ.

"ನನ್ನ ಮಾಫ್ ಮಾಡ್ರಿ" ಎಂದೆ.

ಆಪಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದರು. ಎರಡು ಕಪ್ಪು ಇಟ್ಟರು.

"ಮಾಡಂಗಿಲ್ಲ" ಎಂದರು. "ಕುಂದ್ರು. ಚಾ ಕುಡಿ."